ಮಾವಿನ ಡ್ರಮ್ಮಿನಲ್ಲಿ ತಿರುಗುವ ಕುರಿಪಕ್ಕೆ: ಕೋಲಾರದ ತಾರಸಿಯಲ್ಲೊಂದು ರೋಟಿಸರಿ ಗ್ರಿಲ್

ಕೋಲಾರದ ಗುಜರಿ ಅಂಗಡಿಗಳಲ್ಲಿ ಸಿಗುವ ಕಬ್ಬಿಣದ ಡ್ರಮ್ಮುಗಳಲ್ಲಿ ಅಡುಗೆಯ ಕೆಲಸಕ್ಕೆ ನಾನು ನಂಬುವುದು ಮಾವಿನ ತಿರುಳು ಬಂದ ಡ್ರಮ್ಮನ್ನು ಮಾತ್ರ. ಶ್ರೀನಿವಾಸಪುರದ ತೋತಾಪುರಿ ಗಡಿಯಾಚೆಯ ಚಿತ್ತೂರಿನ ಕಾರ್ಖಾನೆಗಳಿಗೆ ಹೋಗಿ ತಿರುಳಾಗುತ್ತದೆ. ಆ ತಿರುಳನ್ನು ಕ್ರಿಮಿರಹಿತ ಚೀಲದಲ್ಲಿ ತುಂಬಿ, ಚೀಲವನ್ನು ಡ್ರಮ್ಮಿನೊಳಗೆ ಇಡುತ್ತಾರೆ. ಹಾಗಾಗಿ ಒಳಗಿನ ತಗಡಿಗೆ ತಿರುಳು ನೇರವಾಗಿ ತಾಗಿರುವುದಿಲ್ಲ. ಮುಚ್ಚಳ ತೆಗೆದರೆ ಬಾಯಿ ಪೂರ್ತಿ ತೆರೆಯುವುದರಿಂದ ಒಳಗೆ ಆವಿ ಉಳಿದುಕೊಂಡು ಕತ್ತರಿಸುವಾಗ ಸಿಡಿಯುವ ಭಯವೂ ಇಲ್ಲ. ಕೀಟನಾಶಕ, ದ್ರಾವಕ, ಎಂಜಿನ್ ಆಯಿಲ್ ತುಂಬಿದ್ದ ಡ್ರಮ್ಮು ಎಷ್ಟೇ ಅಗ್ಗವಾಗಿ ಸಿಕ್ಕರೂ ಅಡುಗೆಗೆ ಬೇಡ. ತೊಳೆದರೂ, ಸುಟ್ಟರೂ ಅದು ನನಗೆ ಸಮಾಧಾನ ಕೊಡುವುದಿಲ್ಲ.

ನನಗೆ ಬೇಕಾಗಿದ್ದದ್ದು ಕುರಿಯ ಪಕ್ಕೆಲುಬನ್ನು ಇಡಿಯಾಗಿ, ಕಂಬಿಗೆ ಪೋಣಿಸಿ, ಕೆಂಡದ ಪಕ್ಕದಲ್ಲಿ ನಿಧಾನವಾಗಿ ತಿರುಗಿಸಿ ಬೇಯಿಸುವ ಸಾಧನ, ಅಂದರೆ ರೋಟಿಸರಿ. ಅಮೆರಿಕದಲ್ಲಿ ರಿಬ್ಸ್ ಎಂದರೆ ಹೆಚ್ಚಾಗಿ ಹಂದಿಯದು. ಅಲ್ಲಿ 110ರಿಂದ 135 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಟೊಮೆಟೊ, ವಿನೆಗರ್, ಕಾಕಂಬಿ ಸೇರಿದ ಸಾಸ್ ಸವರುವುದು ಕಾನ್ಸಾಸ್ ಸಿಟಿಯ ಕಡೆಯ ಪದ್ಧತಿ. ನಮ್ಮ ಮನೆಯಲ್ಲಿ ಕುರಿ ಮಾಂಸವೇ ನಡೆಯುವುದು. ಆದರೆ ಪಕ್ಕೆಯೊಳಗಿನ ಲೆಕ್ಕ ಎರಡಕ್ಕೂ ಒಂದೇ. ಎಲುಬಿಗೂ ಮಾಂಸಕ್ಕೂ ನಡುವೆ ಇರುವ ಕೊಲಾಜೆನ್ ಎಂಬ ಗಟ್ಟಿ ನಾರು ಸುಮಾರು 70 ಡಿಗ್ರಿಯಿಂದ ಕರಗಲು ತೊಡಗಿ, 85 ದಾಟಿದ ಮೇಲೆ ಚೆನ್ನಾಗಿ ಜಿಲಾಟಿನ್ ಆಗುತ್ತದೆ. ಬೇಗ ಸುಟ್ಟರೆ ಮಾಂಸ ಬೆಂದಿರುತ್ತದೆ, ನಾರು ಬೆಂದಿರುವುದಿಲ್ಲ; ಹಲ್ಲಿನಲ್ಲಿ ಎಳೆಯಬೇಕಾಗುತ್ತದೆ. ನೀರಿನಲ್ಲಿ ಬೇಯಿಸಿದರೆ ನಾರು ಕರಗುತ್ತದೆ, ರುಚಿಯೆಲ್ಲ ಸಾರಿಗೆ ಹೋಗುತ್ತದೆ. ಸಾರಿಗೆ ಅದು ಲಾಭ, ನಾನು ಅದನ್ನು ಬಿಟ್ಟುಕೊಡುವವನಲ್ಲ. ಆದರೆ ಪಕ್ಕೆಗೆ ಅದರದೇ ಆದ ಅಡುಗೆ ಒಂದು ಸಲವಾದರೂ ಸಿಗಬೇಕು ಎಂಬುದು ನನ್ನ ಹಟ.

ಡ್ರಮ್ಮಿನ ವ್ಯಾಸ ಸುಮಾರು 57 ಸೆಂ.ಮೀ., ಉದ್ದ 88 ಸೆಂ.ಮೀ. ಮುಚ್ಚಳವನ್ನು ಅಂಚಿನ ಸುತ್ತ ವೆಲ್ಡ್ ಮಾಡಿಸಿ, ಆಮೇಲೆ ಇಡೀ ಡ್ರಮ್ಮನ್ನು ಉದ್ದಕ್ಕೆ ಎರಡು ಹೋಳು ಮಾಡಿದೆ. ನಾಲ್ಕು ಇಂಚಿನ ಗ್ರೈಂಡರಿಗೆ ಒಂದು ಮಿಲಿಮೀಟರ್ ದಪ್ಪದ ಕಟಿಂಗ್ ಡಿಸ್ಕ್ ಸಾಕು. ಕೆಳಹೋಳು ತೊಟ್ಟಿ, ಮೇಲ್ಹೋಳು ಮುಚ್ಚಳ. ಹಿಂದೆ ಮೂರು ಬಾಗಿಲು ಕೀಲು. ಮುಚ್ಚಳದ ಮೇಲೆ ಎರಡೂವರೆ ಇಂಚಿನ ಕರಿಕಬ್ಬಿಣದ ಕೊಳವೆಯ ಚಿಮಣಿ, ತೊಟ್ಟಿಯ ಎರಡು ತುದಿಯಲ್ಲಿ ಗಾಳಿಗಂಡಿ. ಹೊರಗಿನ ನೀಲಿ ಬಣ್ಣವನ್ನು ಊರಾಚೆಯ ಬಯಲಿನಲ್ಲಿ ಸೌದೆ ಬೆಂಕಿ ಹಾಕಿ ಪೂರ್ತಿ ಸುಟ್ಟು, ತಂತಿ ಬ್ರಷ್‌ನಿಂದ ಉಜ್ಜಿ, ಶೇಂಗಾ ಎಣ್ಣೆ ಸವರಿ ಮತ್ತೆ ಕಾಯಿಸಿದೆ. ಕಬ್ಬಿಣದ ದೋಸೆಕಾವಲಿಯನ್ನು ಪಳಗಿಸುವ ಕೆಲಸವೇ ಅದು, ಅಳತೆ ದೊಡ್ಡದು ಅಷ್ಟೆ. ಬಣ್ಣ ಸುಡುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಆ ಹೊಗೆಯನ್ನು ಕುಡಿಯಬಾರದು.

ಜಿ.ಐ. (ಸತು ಲೇಪಿಸಿದ ಕಬ್ಬಿಣ) ಕೊಳವೆ, ಜಿ.ಐ. ಕಟ್ಟುತಂತಿ, ಜಿ.ಐ. ಜಾಲರಿ ಯಾವುದನ್ನೂ ಒಳಗೆ ಬಿಡಬಾರದು. ಕೆಂಡಕ್ಕೆ ತಾಗುವ ಜಾಗದಲ್ಲಿ ಅದರ ಮೇಲಿನ ಸತುವಿನ ಲೇಪ ಉಳಿಯುವುದಿಲ್ಲ: ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಗಾಳಿ ಸಿಕ್ಕಿದ ಇದ್ದಿಲಿನ ಕೆಂಡ ಅದಕ್ಕಿಂತ ಬಹಳ ಬಿಸಿ. ಆದ್ದರಿಂದ ಮಾಂಸ ಪೋಣಿಸುವ ಕಂಬಿ, ಮಾಂಸವನ್ನು ಅದರ ಮೇಲೆ ಕಚ್ಚಿ ಹಿಡಿಯುವ ಕವೆ, ಕಟ್ಟುತಂತಿ ಎಲ್ಲವೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್.

ಕಂಬಿಗೆ 10 ಮಿಲಿಮೀಟರ್ ಚೌಕದ ಸರಳನ್ನು ಆರಿಸಿದೆ. ಗುಂಡನೆಯ ಸರಳಿನಲ್ಲಿ ಕವೆ ಜಾರುತ್ತದೆ. ಕಂಬಿ ತಿರುಗುತ್ತಿದ್ದರೂ ಮಾಂಸ ನಿಂತಲ್ಲೇ ನಿಂತಿರುತ್ತದೆ. ಚೌಕದಲ್ಲಿ ಆ ತೊಂದರೆ ಇಲ್ಲ. ಇನ್ನೂ ದಪ್ಪ ಇರಲಿ ಎಂದು ವೆಲ್ಡಿಂಗ್ ಅಂಗಡಿಯವರು ಹೇಳಿದರು. ಆದರೆ ಕುರಿಯ ಪಕ್ಕೆಯಲ್ಲಿ ಎಲುಬು ಎಲುಬಿನ ನಡುವಿನ ಮಾಂಸ ತೆಳು, ದಪ್ಪ ಕಂಬಿ ಅದನ್ನು ಹರಿದುಬಿಡುತ್ತದೆ. 90 ಸೆಂ.ಮೀ. ಅಂತರದ ಎರಡು ಆಧಾರದ ಮೇಲೆ ಎರಡು ಕಿಲೋ ಮಾಂಸ ಹೊತ್ತರೂ ಈ ಸರಳು ನಡುವೆ ಬಾಗುವುದು ಒಂದೂವರೆ ಮಿಲಿಮೀಟರ್ ಆಸುಪಾಸು ಎಂದು ಲೆಕ್ಕ ಹಾಕಿ ನೋಡಿದ ಮೇಲೆ ನನ್ನ ಮಾತಿಗೇ ನಿಂತೆ.

ಕಂಬಿಯ ಎರಡೂ ತುದಿಯನ್ನು ಗುಂಡಗೆ ಕಡೆಸಲು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಹೋದೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿಯ ಸುತ್ತ ಬೆಳೆದ ಲೇತ್ ಕೆಲಸದ ಕೈಗಳು ಊರಿನಲ್ಲಿ ಇನ್ನೂ ಇವೆ. ನಾನು ಹೋದ ಅಂಗಡಿಯ ಹಿರಿಯರು ಚಿತ್ರ ನೋಡಿ ಮೊದಲು ಕೇಳಿದ್ದೇ, "ಬಿಸಿಯಾದಾಗ ಇದು ಉದ್ದವಾಗಲು ಜಾಗ ಎಲ್ಲಿ ಬಿಟ್ಟಿದ್ದೀರಿ?" ಎಂದು. ಆ ಒಂದು ಪ್ರಶ್ನೆಗೇ ಅವರಿಗೆ ಹಣ ಕೊಡಬಹುದು. ಒಂದು ಮೀಟರ್ ಸ್ಟೇನ್‌ಲೆಸ್ ಸರಳು 130 ಡಿಗ್ರಿ ಹೆಚ್ಚು ಬಿಸಿಯಾದರೆ ಎರಡು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಎರಡೂ ತುದಿಯನ್ನು ಬಿಗಿಹಿಡಿದರೆ ಅದು ನಡುವೆ ಬಿಲ್ಲಾಗುತ್ತದೆ, ಇಲ್ಲವೇ ತುದಿಯನ್ನು ಹೊರುವ ಬುಷ್ಷನ್ನು (ಲೋಹದ ಬಳೆಯನ್ನು) ಒತ್ತಿ ಸವೆಸುತ್ತದೆ. ಆದ್ದರಿಂದ ಮೋಟರಿನ ಬದಿಯನ್ನು ಮಾತ್ರ ಕಾಲರ್ ಹಾಕಿ ಹಿಡಿಸಿದ್ದೇವೆ. ಇನ್ನೊಂದು ತುದಿ ಗನ್‌ಮೆಟಲ್ ಬುಷ್ಷಿನೊಳಗೆ ಜಾರಿಕೊಂಡು ಹೋಗಬಹುದು. ಬಾಲ್ ಬೇರಿಂಗ್ ಹಾಕಿಸಲಿಲ್ಲ. ಈ ಬಿಸಿಯಲ್ಲಿ ಸಾಧಾರಣ ಗ್ರೀಸ್ ಕರಗಿ ಹರಿಯುತ್ತದೆ, ಈ ವೇಗಕ್ಕೆ ಬುಷ್ಷೇ ಧಾರಾಳ.

ಇನ್ನು ಮೋಟರು. ಮಾರುಕಟ್ಟೆಯಲ್ಲಿ 230 ವೋಲ್ಟಿನ, ನಿಮಿಷಕ್ಕೆ ಐದು ಸುತ್ತಿನ ಸಣ್ಣ ಸಿಂಕ್ರೊನಸ್ ಗೇರ್ ಮೋಟರುಗಳು ಸಿಗುತ್ತವೆ. ಹಗುರ ಕೆಲಸಕ್ಕೆ ಒಳ್ಳೆಯವೇ. ಆದರೆ ಅವುಗಳಲ್ಲಿ ಕೆಲವು ಶುರುವಾಗುವಾಗ ಮನಬಂದ ದಿಕ್ಕಿಗೆ ತಿರುಗುತ್ತವೆ, ಭಾರ ತಡೆದರೆ ದಿಕ್ಕು ಬದಲಿಸುತ್ತವೆ. ಕರೆಂಟ್ ಹೋದರೆ ಪಕ್ಕೆ ನಿಂತಲ್ಲೇ ನಿಂತು ಒಂದು ಬದಿ ಕರಕಲಾಗುತ್ತದೆ. ನಾನು ಕಾರಿನ ಹಳೆಯ ವೈಪರ್ ಮೋಟರನ್ನು ತಂದೆ. 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಮಳೆಗಾಲವಿಡೀ ದುಡಿಯಲೆಂದೇ ಮಾಡಿದ ಗಟ್ಟಿ ವಸ್ತು. ಇನ್ನೂ ದೊಡ್ಡ ಗುಣ ಅದರೊಳಗಿನ ವರ್ಮ್ ಗೇರ್: ಮೋಟರು ಕಂಬಿಯನ್ನು ತಿರುಗಿಸಬಲ್ಲದು, ಕಂಬಿ ಮೋಟರನ್ನು ತಿರುಗಿಸಲಾರದು. ಬ್ಯಾಟರಿ ತಂತಿ ಕಳಚಿದರೂ ಮಾಂಸದ ಭಾರಕ್ಕೆ ಕಂಬಿ ಹಿಂದೆ ಜಾರುವುದಿಲ್ಲ.

ವೈಪರಿನ ನಿಧಾನದ ವೇಗವೇ ನಿಮಿಷಕ್ಕೆ 45 ಸುತ್ತಿನ ಆಸುಪಾಸು ಇರುತ್ತದೆ. ಪಕ್ಕೆಗೆ ಬೇಕಾದದ್ದು ನಾಲ್ಕರಿಂದ ಆರು ಸುತ್ತು. ವೇಗ ಹೆಚ್ಚಾದರೆ ಕರಗಿದ ಕೊಬ್ಬು ಮೈಮೇಲೆ ನಿಲ್ಲದೆ ಹೊರಗೆ ಎರಚುತ್ತದೆ. ಎಂಟು ಸೆಂಟಿಮೀಟರ್ ತ್ರಿಜ್ಯದಲ್ಲಿ 45 ಸುತ್ತು ತಿರುಗಿದರೆ ಹೊರಕ್ಕೆ ಎಳೆಯುವ ಬಲ ಗುರುತ್ವದ ಐದನೆಯ ಒಂದು ಭಾಗದಷ್ಟಾಗುತ್ತದೆ. ಐದು ಸುತ್ತಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ವೇಗವನ್ನು ಎರಡು ಕಡೆ ಇಳಿಸಿದೆ. ಮೋಟರಿಗೆ ಸೈಕಲ್ಲಿನ 18 ಹಲ್ಲಿನ ಫ್ರೀವೀಲ್, ಕಂಬಿಗೆ 44 ಹಲ್ಲಿನ ಚಕ್ರ, ನಡುವೆ ಸೈಕಲ್ ಸರಪಳಿ. ಅಲ್ಲಿಗೆ ಸುಮಾರು 18 ಸುತ್ತು. ಉಳಿದದ್ದನ್ನು, ಮೋಟರಿಗೆ ಕರೆಂಟನ್ನು ಮಿಡಿತ ಮಿಡಿತವಾಗಿ ಕೊಡುವ ಪಿಡಬ್ಲ್ಯುಎಂ ನಿಯಂತ್ರಕದ ತಿರುಪಿನಿಂದ ಇಳಿಸುತ್ತೇನೆ. ಬರೀ ವೋಲ್ಟೇಜ್ ಕಡಿಮೆ ಮಾಡುವುದಕ್ಕಿಂತ ಇದು ಮೇಲು. ಪ್ರತಿ ಮಿಡಿತದಲ್ಲೂ ಪೂರ್ತಿ ವೋಲ್ಟೇಜ್ ಸಿಗುವುದರಿಂದ ನಿಧಾನದಲ್ಲಿಯೂ ಮೋಟರು ತಡವರಿಸುವುದಿಲ್ಲ.

ಫ್ರೀವೀಲನ್ನು ಹಾಗೆಯೇ ಬಳಸಬಾರದು, ಒಳತಿರುಳಿಗೂ ಹೊರಬಳೆಗೂ ಎರಡು ಕಡೆ ವೆಲ್ಡ್ ಹೊಡೆಸಿ ಒಂದೇ ತುಂಡು ಮಾಡಬೇಕು. ಅದರ ಗುಣವೇ ಒಂದು ದಿಕ್ಕಿಗೆ ಬಿಟ್ಟುಕೊಡುವುದು. ಮಾಂಸದ ಭಾರದ ಬದಿ ಮೇಲೇರಿ ನೆತ್ತಿ ದಾಟಿತೆಂದರೆ, ಫ್ರೀವೀಲ್ ಕಟಕಟನೆ ಸದ್ದು ಮಾಡಿ ಬಿಟ್ಟುಕೊಡುತ್ತದೆ, ಇಡೀ ಪಕ್ಕೆ ಧೊಪ್ಪನೆ ಕೆಳಗೆ ಬಂದು ಸರಪಳಿ ಬಿಗಿಯಾಗುವವರೆಗೆ ಅಲ್ಲೇ ನೇತಾಡುತ್ತದೆ. ವರ್ಮ್ ಗೇರಿನ ಹಿಡಿತ ಕಂಬಿಯವರೆಗೆ ತಲುಪಬೇಕಾದರೆ ನಡುವೆ ಯಾವ ಸಡಿಲವೂ ಇರಕೂಡದು. ಮೋಟರನ್ನು ತೊಟ್ಟಿಯಿಂದ ಒಂದು ಗೇಣು ಆಚೆ, ನಡುವೆ ತಗಡಿನ ಮರೆ ಕಟ್ಟಿ ಕೂರಿಸಿದ್ದೇನೆ.

ಯಂತ್ರದ ಕೆಲಸ ಇಷ್ಟೇ. ನಿಜವಾದ ಮಾತುಕತೆ ನಡೆದದ್ದು ಮಾಂಸದ ವಿಷಯದಲ್ಲಿ.

ನಮ್ಮ ಕಡೆ ಪಕ್ಕೆ ಇಡಿಯಾಗಿ ಮನೆಗೆ ಬರುವುದೇ ಇಲ್ಲ. ಹುಣಸೆ ಮರದ ಕೊರಡಿನ ಮೇಲೆ ಮಚ್ಚು ಬೀಳುವ ವೇಗಕ್ಕೆ ನಾವು "ಬೇಡ" ಎನ್ನುವಷ್ಟರಲ್ಲಿ ಅದು ಎಂಟು ತುಂಡಾಗಿರುತ್ತದೆ. ಈ ಸಲ ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮೂರಿನಲ್ಲಿ ಪಾಲುದಾರರು ಸೇರಿ ಹಂಚಿಕೊಳ್ಳುವ ಗುಡ್ಡೆ ಮಾಂಸ ಹಾಕಿದ್ದರು. ಗುಡ್ಡೆಯ ಧರ್ಮ ಸಮಪಾಲು: ತೊಡೆ, ಪಕ್ಕೆ, ಈಲಿ, ಬೋಟಿ ಎಲ್ಲವೂ ಪ್ರತಿ ಗುಡ್ಡೆಗೂ ಸ್ವಲ್ಪ ಸ್ವಲ್ಪ ಬೀಳಬೇಕು. ಅಲ್ಲಿ ನಿಂತು "ಎರಡೂ ಪಕ್ಕೆ ನನಗೆ ಇಡಿಯಾಗಿ ಬೇಕು" ಎಂದರೆ ಯಾರು ಒಪ್ಪುತ್ತಾರೆ? ನನ್ನ ಪಾಲಿನ ತೊಡೆಯನ್ನೂ ಈಲಿಯನ್ನೂ ಪೂರ್ತಿ ಬಿಟ್ಟುಕೊಡುತ್ತೇನೆ, ತೂಕದಲ್ಲಿ ಹೆಚ್ಚಾದದ್ದಕ್ಕೆ ಹಣ ಕಟ್ಟುತ್ತೇನೆ ಎಂದೆ. ಈಲಿ ಸಿಗುತ್ತದೆ ಎಂದ ಕೂಡಲೇ ಪಾಲುದಾರರ ಮುಖ ಸಡಿಲವಾಯಿತು. ಕುಯ್ಯುವವರು ಮಾತ್ರ ಕೊನೆಯವರೆಗೂ "ಬೇಯುವುದಿಲ್ಲ ಸ್ವಾಮಿ" ಎನ್ನುತ್ತಲೇ ಇದ್ದರು.

ಮೇಕೆಯದಲ್ಲ, ಕುರಿಯದೇ ಆಗಬೇಕು. ಮೇಕೆಯ ಪಕ್ಕೆಯಲ್ಲಿ ಕೊಬ್ಬು ಕಡಿಮೆ, ಕೆಂಡದ ಮುಂದೆ ಒಣಗಿ ಸೌದೆಯಾಗುತ್ತದೆ. ಇನ್ನೂ ಶಾಶ್ವತ ಹಲ್ಲು ಹಾಕದ ಮರಿಯಾದರೆ ಉತ್ತಮ, ಎರಡು ಹಲ್ಲಿನವರೆಗೆ ನಡೆಯುತ್ತದೆ. ಕುರಿಗೆ ಸಾಮಾನ್ಯವಾಗಿ ಒಂದು ಬದಿಗೆ 13 ಪಕ್ಕೆಲುಬು. ಭುಜದ ಹಲಗೆಯ ಹಿಂದಿನಿಂದ ಕೊನೆಯವರೆಗಿನ ಎಂಟು ಎಲುಬುಗಳ ಹಾಳೆಯನ್ನು ಬಿಡಿಸಿಕೊಂಡೆ. ಎರಡು ಹಾಳೆ ಸೇರಿ ಎರಡು ಕಿಲೋ ಹತ್ತಿರ.

ಹಾಳೆಯ ಒಳಮೈಯಲ್ಲಿ, ಎಲುಬುಗಳ ಮೇಲೆ ಬಿಗಿದುಕೊಂಡ ತೆಳುವಾದ ಬಿಳಿ ಪೊರೆ ಇರುತ್ತದೆ. ಕೊನೆಯ ಎಲುಬಿನ ತುದಿಯಲ್ಲಿ ಚಮಚದ ಹಿಡಿಯನ್ನು ಪೊರೆಯ ಕೆಳಗೆ ತೂರಿಸಿ ಎತ್ತಿ, ಒಣಬಟ್ಟೆಯಿಂದ ಹಿಡಿದು ಎಳೆದರೆ ಸರ್ರನೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಬರಿಗೈಗೆ ಅದು ಸಿಕ್ಕುವುದಿಲ್ಲ, ಜಾರುತ್ತದೆ. ಪೊರೆ ಉಳಿದರೆ ಆ ಬದಿಗೆ ಉಪ್ಪೂ ಇಳಿಯುವುದಿಲ್ಲ, ಹೊಗೆಯೂ ಇಳಿಯುವುದಿಲ್ಲ, ಬೆಂದ ಮೇಲೆ ಚರ್ಮದ ಚೂರಿನಂತೆ ಬಾಯಿಗೆ ಸಿಗುತ್ತದೆ.

ಹಿಂದಿನ ರಾತ್ರಿ ಕಿಲೋಗೆ 12 ಗ್ರಾಂ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮೇಲ್ಮೈ ಒಣಗಿ ಸ್ವಲ್ಪ ಅಂಟಂಟಾಗಿತ್ತು. ಅದರ ಮೇಲೆ ಬ್ಯಾಡಗಿ ಮೆಣಸಿನ ಪುಡಿ, ಕುಟ್ಟಿದ ಕಾಳುಮೆಣಸು, ಹುರಿದ ಕೊತ್ತಂಬರಿ ಬೀಜ. ಹಸಿರು ಮಸಾಲೆ ನನಗೆ ಪ್ರಾಣ, ಆದರೆ ತಿರುಗುವ ಕಂಬಿಗೆ ಅದು ಹೊಂದುವುದಿಲ್ಲ. ಅರೆದ ಸೊಪ್ಪು ಅರ್ಧ ಉದುರಿ ಬೀಳುತ್ತದೆ, ಉಳಿದರ್ಧ ಸೀದು ಕಹಿಯಾಗುತ್ತದೆ. ಪಪ್ಪಾಯಿ ಕಾಯಿಯನ್ನೂ ಹಚ್ಚಲಿಲ್ಲ. ಅದು ಮೇಲ್ಮೈಯನ್ನು ಹಿಟ್ಟು ಮಾಡುತ್ತದೆಯೇ ಹೊರತು ಒಳಗಿನ ನಾರನ್ನು ಕರಗಿಸುವುದಿಲ್ಲ. ಆ ಕೆಲಸ ಬಿಸಿಯದು ಮತ್ತು ಹೊತ್ತಿನದು.

ಪೋಣಿಸುವುದರಲ್ಲಿ ಎಲ್ಲವೂ ಇದೆ. ಬೆಂಕಿ ಹಚ್ಚುವ ಮೊದಲೇ ಅಡುಗೆಯ ಅರ್ಧ ಭಾಗ ಇಲ್ಲಿ ತೀರ್ಮಾನವಾಗುತ್ತದೆ. ಎರಡೆರಡು ಎಲುಬಿಗೊಮ್ಮೆ ಸಣ್ಣ ಚಾಕುವಿನಿಂದ ಸೀಳು ಮಾಡಿ, ಕಂಬಿಯನ್ನು ಒಮ್ಮೆ ಹೊರಗಿನಿಂದ ಒಳಕ್ಕೆ, ಮತ್ತೊಮ್ಮೆ ಒಳಗಿನಿಂದ ಹೊರಕ್ಕೆ ದಾಟಿಸುತ್ತಾ ಹೋದೆ. ಹಾಳೆ ಅಲೆ ಅಲೆಯಾಗಿ ಮಡಿಚಿಕೊಂಡು ಕೂರುತ್ತದೆ, ಹೊರಮೈ ಒಳಮೈ ಎರಡೂ ಕೆಂಡಕ್ಕೆ ಮುಖ ತೋರಿಸುತ್ತವೆ. ಆದರೆ ಪಕ್ಕೆ ಸಮಭಾರದ ವಸ್ತುವಲ್ಲ. ಬೆನ್ನುಮೂಳೆಯ ಬದಿ ದಪ್ಪ, ಹೊಟ್ಟೆಯ ಬದಿ ತೆಳು. ಮೊದಲ ಹಾಳೆಯ ದಪ್ಪ ಅಂಚು ಮೇಲಿದ್ದರೆ ಎರಡನೆಯದರ ದಪ್ಪ ಅಂಚನ್ನು ಕೆಳಗೆ ಬರುವಂತೆ ತಿರುವಿ ಪೋಣಿಸಬೇಕು. ಒಂದರ ಭಾರವನ್ನು ಇನ್ನೊಂದು ತೂಗುತ್ತದೆ. ಜೋತಾಡುವ ತುದಿಗಳನ್ನು ನೀರಿನಲ್ಲಿ ನೆನೆಸಿದ ಹತ್ತಿಯ ದಾರದಿಂದ ಕಟ್ಟಿದೆ. ನೈಲಾನ್ ದಾರ ಕರಗುತ್ತದೆ, ಅದು ಬೇಡ.

ಆಮೇಲೆ ಸರಪಳಿ ಹಾಕದೆ ಕಂಬಿಯನ್ನು ಬುಷ್ಷುಗಳ ಮೇಲಿಟ್ಟು ಬಿಟ್ಟೆ. ಅದು ತಾನಾಗಿ ತಿರುಗಿ, ಹಿಂದೆ ಮುಂದೆ ತೂಗಾಡಿ, ಭಾರದ ಬದಿ ಕೆಳಗಾಗಿ ನಿಂತಿತು. ಕಂಬಿಯ ತುದಿಗೆ ಎಂ10 (10 ಮಿಲಿಮೀಟರ್) ಬೋಲ್ಟಿನ ಒಂದು ತೋಳು ಮಾಡಿಸಿದ್ದೇನೆ. ಅದನ್ನು ಮೇಲ್ಮುಖವಾಗಿ ಬಿಗಿದು, ನಟ್ಟುಗಳನ್ನು ಒಂದೊಂದಾಗಿ ಏರಿಸುತ್ತಾ ಹೋದರೆ, ಕಂಬಿಯನ್ನು ಹೇಗೆ ಬಿಟ್ಟರೂ ಅಲ್ಲೇ ನಿಲ್ಲುವ ಸ್ಥಿತಿ ಬರುತ್ತದೆ. ಎರಡು ಕಿಲೋ ಮಾಂಸ ನಡುವಿನಿಂದ ಎರಡೇ ಸೆಂಟಿಮೀಟರ್ ಸರಿದಿದ್ದರೂ ಅದು ನಾಲ್ಕು ಕಿಲೋ-ಸೆಂಟಿಮೀಟರ್ ತಿರುಚುಬಲ. ಮೋಟರಿಗೆ ಅದು ದೊಡ್ಡದಲ್ಲ. ದೊಡ್ಡದು ಮಾಂಸಕ್ಕೆ: ಏರುವಾಗ ನಿಧಾನ, ಇಳಿಯುವಾಗ ಜೋರು ಎಂದಾದರೆ ಒಂದು ಬದಿ ಕೆಂಡದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತದೆ, ಸೀಳುಗಳು ಅಗಲವಾಗುತ್ತವೆ, ಬೆಂದು ಮೆತ್ತಗಾದ ಮೇಲೆ ಹರಿದು ಬೀಳುತ್ತವೆ.

ಕೆಂಡ ಮಾಂಸದ ಕೆಳಗೆ ಇರಬಾರದು. ತೊಟ್ಟಿಯ ಉದ್ದಕ್ಕೆ ಎರಡೂ ಬದಿಯಲ್ಲಿ ಸರಳಿನ ಬುಟ್ಟಿ, ನಡುವೆ ನೀರು ಹಾಕಿದ ತಟ್ಟೆ. ತೊಟ್ಟಿಕ್ಕುವ ಕೊಬ್ಬು ಕೆಂಡಕ್ಕೆ ಬಿದ್ದರೆ ಉರಿ ಎದ್ದು ಮಸಿ ಹಿಡಿಯುತ್ತದೆ. ಇಸ್ತ್ರಿ ಅಂಗಡಿಗೆ ಇದ್ದಿಲು ಕೊಡುವವರಿಂದಲೇ ಸೀಮೆಜಾಲಿಯ ಇದ್ದಿಲು ತಂದೆ, ಗಟ್ಟಿ, ಹೊತ್ತು ಬಾಳುತ್ತದೆ. ಹೊಗೆಗೆ ಒಣಗಿದ ಮಾವಿನ ಕಟ್ಟಿಗೆಯ ನಾಲ್ಕಾರು ತುಂಡು. ಕೋಲಾರದಲ್ಲಿ ಎಲ್ಲಿ ನೋಡಿದರೂ ಸಿಗುವುದು ನೀಲಗಿರಿ ಸೌದೆ, ಆದರೆ ಅದರ ಎಣ್ಣೆಯ ವಾಸನೆ ಮಾಂಸಕ್ಕೆ ಹತ್ತಿದರೆ ಊಟದಲ್ಲಿ ನೆಗಡಿ ಮದ್ದು ನೆನಪಾಗುತ್ತದೆ. ಇದ್ದಿಲು ಪೂರ್ತಿ ಬೂದಿ ಹೊದ್ದ ಮೇಲೆಯೇ ಕಂಬಿ ಏರಿಸಬೇಕು. ಇದನ್ನು ತಾರಸಿಯ ಬಯಲಿನಲ್ಲಿ ಮಾತ್ರ ಮಾಡಬೇಕು. ತಗಡಿನ ಶೆಡ್ಡು, ಮುಚ್ಚಿದ ವರಾಂಡದಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ತುಂಬಿಕೊಂಡು ಜೀವ ತೆಗೆಯುತ್ತದೆ.

ಕಂಬಿಯ ಮಟ್ಟದಲ್ಲಿ ಬಿಸಿಯನ್ನು 130ರಿಂದ 150 ಡಿಗ್ರಿಯ ನಡುವೆ ಹಿಡಿದೆ. ಮೊದಲ ಅರ್ಧ ಗಂಟೆ ಹೆಚ್ಚೇನೂ ಕಾಣುವುದಿಲ್ಲ. ಆಮೇಲೆ ಕೊಬ್ಬು ಕರಗಿ ಹೊಳೆಯತೊಡಗುತ್ತದೆ, ಅಲ್ಲಿ ತಿರುಗುವುದರ ಬೆಲೆ ಗೊತ್ತಾಗುತ್ತದೆ. ಒಂದು ಹನಿ ಮಾಂಸದ ಮಡಿಕೆಯ ಅಂಚಿನಲ್ಲಿ ದಪ್ಪವಾಗಿ ತೂಗಿ, ಬೀಳಬೇಕು ಎನ್ನುವಷ್ಟರಲ್ಲಿ ಆ ಅಂಚು ಮೇಲೇರುತ್ತದೆ. ಹನಿ ಹಿಂತಿರುಗಿ ಎಲುಬಿನ ಮೇಲೆ ಹರಿದು ಪಕ್ಕದ ಮಡಿಕೆಗೆ ಇಳಿಯುತ್ತದೆ. ತಟ್ಟೆಗೆ ಬೀಳುವುದಕ್ಕಿಂತ ಮೈಗೆ ಮರಳುವುದೇ ಹೆಚ್ಚು. ಈ ಕಾರಣಕ್ಕೆ ಎಣ್ಣೆ ಸವರುವ ಗೋಜಿಗೆ ನಾನು ಹೋಗುವುದಿಲ್ಲ, ಮುಚ್ಚಳವನ್ನೂ ಪದೇ ಪದೇ ತೆರೆಯುವುದಿಲ್ಲ. ನಡುವೆ ಒಮ್ಮೆ ಇದ್ದಿಲು ತುಂಬಿಸಿದೆ, ಅದನ್ನು ಬೇರೆ ಒಲೆಯಲ್ಲಿ ಕೆಂಡ ಮಾಡಿಕೊಂಡೇ ಹಾಕಬೇಕು. ಹೊತ್ತಿಗೆ ಸರಿಯಾಗಿ ಕರೆಂಟೂ ಹೋಯಿತು. ಬ್ಯಾಟರಿಯ ಕಂಬಿ ತನ್ನ ಪಾಡಿಗೆ ತಿರುಗುತ್ತಿತ್ತು.

ಸವರಲು ಮಾಡಿದ್ದು ನಮ್ಮೂರ ಪದಾರ್ಥದ ಸಾಸ್. ನಾಲ್ಕು ಹಣ್ಣಾದ ಟೊಮೆಟೊ, ನಿಂಬೆಗಾತ್ರದ ಹೊಸ ಹುಣಸೆಹಣ್ಣಿನ ರಸ, ಬೆಲ್ಲ, ಬೆಳ್ಳುಳ್ಳಿ, ಒಣಮೆಣಸು, ಉಪ್ಪು. ಚಮಚದ ಬೆನ್ನಿಗೆ ಅಂಟುವವರೆಗೆ ಬತ್ತಿಸಬೇಕು. ವಿನೆಗರಿನ ಹುಳಿ ಮೂಗಿಗೆ ಹೊಡೆಯುತ್ತದೆ, ಹುಣಸೆಯ ಹುಳಿ ನಾಲಿಗೆಯ ಮೇಲೆ ನಿಲ್ಲುತ್ತದೆ. ಕುರಿಯ ಕೊಬ್ಬಿಗೆ ಎರಡನೆಯದೇ ಸರಿಯಾದ ಜೋಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಇದನ್ನು ಕೊನೆಯ 20 ನಿಮಿಷದಲ್ಲಿ ಮಾತ್ರ, ತೆಳುವಾಗಿ ಮೂರು ಸುತ್ತು ಸವರಬೇಕು. ಬೆಲ್ಲ ಬೇಗ ಸೀಯುತ್ತದೆ.

ಎರಡು ಗಂಟೆ ದಾಟಿದ ಮೇಲೆ ಮೋಟರು ನಿಲ್ಲಿಸಿ, ಎಲುಬಿಗೆ ತಾಗದಂತೆ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿದೆ. ಎಂಬತ್ತರ ಮೇಲೆ ಇತ್ತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, 91 ಡಿಗ್ರಿ ತಲುಪಿದಾಗ ಕಂಬಿಯನ್ನು ಕೆಳಗಿಳಿಸಿದೆ. ಅಷ್ಟರಲ್ಲಿ ಎಲುಬಿನ ತುದಿಗಳಲ್ಲಿ ಮಾಂಸ ಬೆರಳಿನ ಅಗಲದಷ್ಟು ಹಿಂದೆ ಸರಿದಿತ್ತು, ಒಂದು ಎಲುಬನ್ನು ಹಿಡಿದು ತಿರುಚಿದರೆ ತನ್ನ ಗೂಡಿನಲ್ಲಿ ಸಡಿಲವಾಗಿ ತಿರುಗುತ್ತಿತ್ತು. ಥರ್ಮಾಮೀಟರ್ ಇಲ್ಲದವರಿಗೆ ಇವೆರಡೇ ಗುರುತು ಸಾಕು.

ಕಂಬಿಯಿಂದ ತಕ್ಷಣ ಎಳೆಯಬಾರದು. ಬಾಳೆಲೆ ಮುಚ್ಚಿ ಕಾಲು ಗಂಟೆ ಬಿಟ್ಟು, ದಾರ ಕತ್ತರಿಸಿ, ಮೊನೆಯ ಬದಿಗೆ ಜಾರಿಸಿದರೆ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡು ಬರುತ್ತವೆ. ಎಲುಬಿನ ನಡುವೆ ಚಾಕು ಹಾಕಿ ಬಿಡಿಸಿ, ರಾಗಿ ಮುದ್ದೆ, ಹಸಿ ಈರುಳ್ಳಿ, ಉಳಿದ ಸಾಸಿನ ಜೊತೆ ಬಡಿಸಿದೆವು. ಮುದ್ದೆಗೆ ನೆಂಚಿಕೊಳ್ಳಲು ಸಾರು ಇರಲೇಬೇಕು ಎಂದು ಅಮ್ಮ ಬೇರೆ ಮಾಂಸದಲ್ಲಿ ಸಾರನ್ನೂ ಮಾಡಿದ್ದರು, ಅದು ಸರಿಯಾದ ನಿರ್ಧಾರ. ಕುಯ್ದವರನ್ನೂ ಊಟಕ್ಕೆ ಕರೆದಿದ್ದೆ. ಎರಡು ಎಲುಬು ತಿಂದು, ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿ, ಮುಂದಿನ ಸಲ ಕತ್ತಿನ ಕಡೆಯ ಎಲುಬನ್ನೂ ಸೇರಿಸಿ ಹನ್ನೊಂದರ ಹಾಳೆ ಬಿಡಿಸಿಕೊಡುತ್ತೇನೆ ಎಂದರು. ಹನ್ನೊಂದು ಎಲುಬಿನ ಹಾಳೆ ಎರಡು ಸೇರಿದರೆ ಈಗಿನ ಕವೆಗಳ ನಡುವೆ ಹಿಡಿಸುವುದಿಲ್ಲ. ಭುಜದ ಬದಿಯ ಮಾಂಸ ಇನ್ನೂ ದಪ್ಪವಾದ್ದರಿಂದ ನಟ್ಟಿನ ತೋಳೂ ಉದ್ದ ಬೇಕು. ಕವೆಗಳನ್ನು ಹೊರಕ್ಕೆ ಸರಿಸಿ ಹೊಸ ತೋಳು ಕಡೆಸಲು ರಾಬರ್ಟ್‌ಸನ್‌ಪೇಟೆಗೆ ಅಳತೆ ಬರೆದು ಕಳಿಸಿದ್ದೇನೆ.